ತೂಕದ ಚೀಟಿ

ಪ್ರಿನ್ಸಿಪಾಲರ ಸಹಿ ಬಿದ್ದ ಮೇಲೆ
ಮೂರು ತಲೆಮಾರು ಮೂರು ಗೋಣಿಚೀಲದಲ್ಲಿ
ತಳ್ಳುಗಾಡಿ ಏರಿದವು.
ತಳ್ಳಿದವನು ನಾನು, ಲ್ಯಾಬ್ ಅಟೆಂಡರ್ ಹಾಲೇಶಿ.
ರಸೀದಿ ತರದಿದ್ದರೆ ಸಂಬಳಕ್ಕೆ ಕತ್ತರಿ.
ಎಂಬತ್ತಾರರ ಬೇಸಿಗೆ. ದಾವಣಗೆರೆಯ ಡಾಂಬರು
ಚಪ್ಪಲಿಯನ್ನು ಹಿಡಿದು ಹಿಡಿದು ಬಿಡುತ್ತಿತ್ತು.

ಮೊದಲ ಚೀಲ ಗಾಜು. ವಾಲ್ವುಗಳು,
ಒಂದೊಂದೂ ಎಳೆ ಬದನೆಕಾಯಿ ಗಾತ್ರ,
ನೆತ್ತಿಯ ಒಳಗೆ ಕನ್ನಡಿಯ ಕಲೆ.
ಇವು ಲೆಕ್ಕ ಮಾಡುವಾಗ ಕೋಣೆಯೇ ಕಾಯುತ್ತಿತ್ತಂತೆ
ಬೆಳಗಿನ ಹೋಟೆಲಿನ ದೋಸೆ ಕಾವಲಿಯ ಹಾಗೆ.
ದಿನಕ್ಕೊಂದು ಉರಿದುಹೋಗುತ್ತಿತ್ತಂತೆ.
ಸತ್ತದ್ದು ಯಾವುದೆಂದು ಹುಡುಕುವುದಕ್ಕೇ
ಒಬ್ಬ ಹುಡುಗನಿಗೆ ಸಂಬಳವಂತೆ.
ಮುರಿಗೆಪ್ಪ ಮೇಷ್ಟ್ರು ಹೇಳುತ್ತಿದ್ದರು.
ಅವರೂ ನೋಡಿದ್ದಲ್ಲ, ಓದಿದ್ದು.

ಎರಡನೆಯದರಲ್ಲಿ ಹಲಗೆಗಳು,
ಹಲಗೆಯ ತುಂಬ ಮೂರು ಕಾಲಿನ ತಗಡು ಟೋಪಿಗಳು.
ಇವನ್ನು ನಾನೇ ಒರೆಸಿದ್ದೆ, ಹದಿನೈದು ವರ್ಷ,
ಪಂಚೆಯ ಹಳೇ ಚೂರಿನಲ್ಲಿ.
ಬೆವರದೆ, ಮಿಣುಕದೆ
ಹೌದು ಅಲ್ಲ ಹೌದು ಅಲ್ಲ ಎಂದು
ಸಂಜೆಯವರೆಗೂ ವಾದ ಹೂಡುತ್ತಿದ್ದವು.
ಆಮೇಲೆ ಬಂತು ನೋಡಿ ಕಪ್ಪು ಜಿರಲೆ,
ಎರಡು ಬದಿಗೂ ಕಾಲು, ಹೊಟ್ಟೆಯೊಳಗೆ ಹತ್ತು ಹಲಗೆ.
ಮೂರನೇ ಚೀಲದ ತಳದಲ್ಲಿ ಒಂದು ಹಿಡಿ, ಅಷ್ಟೇ.
ಅದು ಅಂಚೆಯಲ್ಲಿ ಬಂದ ದಿನ ಮೇಷ್ಟ್ರು ಊಟ ಬಿಟ್ಟರು,
ಖುಷಿಗೋ ಸಂಕಟಕ್ಕೋ ನಾನು ಕೇಳಲಿಲ್ಲ.

ಯಾವ ತಲೆಮಾರಿನದೋ ತಿಳಿಯದ ಒಂದು ಚೌಕಟ್ಟನ್ನು
ಪೇಪರಿನಲ್ಲಿ ಸುತ್ತಿ ಎಲ್ಲದರ ಮೇಲಿಟ್ಟಿದ್ದೆ.

ದಾದಾಪೀರ್ ಸಾಬರ ಗುಜರಿ
ಬೀಗ ಬಿದ್ದ ಮಿಲ್ಲಿನ ಗೋಡೆಗೆ ಒರಗಿಕೊಂಡಿತ್ತು.
ಗಾಜಿಗೆ ಕಾಸಿಲ್ಲ ಎಂದರು.
ಟೋಪಿಯ ಕಾಲನ್ನು ಉಗುರಿನಿಂದ ಕೆರೆದು
ಸುಮ್ಮನಾದರು, ಚಿನ್ನದ ನೀರು ಕುಡಿದ ಕಾಲು
ಅವರ ಉಗುರಿಗೆ ಗೊತ್ತು.
ಚಿಂದಿ ಆರಿಸುತ್ತಿದ್ದ ಬನಶಂಕ್ರಮ್ಮ
ಪೇಪರು ಬಿಚ್ಚಿದಳು.

ಉದ್ದಕ್ಕೆ ಮೂವತ್ತೆರಡು ತಾಮ್ರದ ಎಳೆ,
ಅಡ್ಡಕ್ಕೆ ಮೂವತ್ತೆರಡು,
ಕೂಡಿದ ಕಡೆಯೆಲ್ಲ ಸಾಸಿವೆಯಂಥ ಕರೀ ಉಂಗುರ,
ಅದರೊಳಗೇ ಓರೆಯಾಗಿ ತೂರಿಹೋದ ಇನ್ನೊಂದು ಎಳೆ.
ಮೊಳಕಾಲ್ಮೂರಿನ ಮಗ್ಗದ ಮನೆಯ ಹುಟ್ಟು ಆಕೆ.
ಬೆಳಕಿಗೆ ಹಿಡಿದಳು. ತಿರುವಿದಳು.
‘ಯಾವಾಕಿ ನೇಯ್ದಳಪ್ಪ ಇದನ್ನ?’

ಮಷಿನ್ನು ಮಾಡಿರತೈತಿ ಬಿಡವ್ವ, ಅಂದೆ.
‘ಮಷಿನ್ನಿಗೆ ಈ ತಪ್ಪು ಬರಂಗಿಲ್ಲ.
ಹತ್ತೊಂಬತ್ತನೇ ಸಾಲು ನೋಡು,
ಬಿಚ್ಚಿ ಮತ್ತೆ ಕಟ್ಟಿದಾಳೆ.
ಕಣ್ಣು ಸೋತಿರಬೇಕು. ಹೊತ್ತು ಮುಳುಗಿರಬೇಕು.’

ಹದಿನೈದು ವರ್ಷ ಒರೆಸಿದವನು ನಾನು,
ಆ ಸಾಲು ಕಂಡಿರಲಿಲ್ಲ.

ನೆನಪಿನ ಪೆಟ್ಟಿಗೆ ಇದು, ಮೇಷ್ಟ್ರು ಹೇಳಿಕೊಟ್ಟಿದ್ದರು.
ಕರೆಂಟು ಹೋದರೂ ಮರೆಯುವುದಿಲ್ಲ,
ಆದರೆ ಓದಿದರೆ ಅಳಿಯುತ್ತದೆ.
ಓದಿದ ಗಳಿಗೆಯಲ್ಲೇ ಮತ್ತೆ ಬರೆದಿಡಬೇಕು
ಇಲ್ಲವಾದರೆ ಹೋಯಿತು.
ಹೇಳಿದೆ ಆಕೆಗೆ. ಆಕೆ ನಕ್ಕು
ಮದುವೆಗೆ ಮುಂಚೆ ತಾನು ನೇಯ್ದ ಮೊದಲ ಸೀರೆಯ
ಕಥೆ ತೆಗೆದಳು. ಸಾಬರು ನನ್ನ ಕಿವಿಯಲ್ಲಿ:
‘ನೂರು ಸಲ ಕೇಳೀನಿ.
ಸಲಕ್ಕೊಂದು ಬಣ್ಣದ ಅಂಚು.’

ಕೊನೆಗೆ ಅದರೊಳಗೆ ಹಾಕಿದ್ದು
ಭದ್ರಾ ನಾಲೆಯ ನೀರಿನ ಲೆಕ್ಕ.
ಉತ್ತರ ಬರುವ ಮುಂಚೆ ಕರೆಂಟು ಹೋಗಿತ್ತು,
ಮರುದಿನ ಮೇಷ್ಟ್ರು ರಿಟೈರಾದರು,
ಮತ್ತೆ ಯಾರೂ ಸ್ವಿಚ್ಚು ಒತ್ತಲಿಲ್ಲ.
ಅರ್ಧ ಹರಿದ ನೀರು ಇನ್ನೂ
ಆ ಉಂಗುರಗಳಲ್ಲಿ ನಿಂತಿರಬೇಕು.

ಸಾಬರು ಚೀಟಿ ಬರೆದರು:
ಹಲಗೆ ಹನ್ನೊಂದು ಕಿಲೊ. ಗಾಜು ಇಲ್ಲ.
ತಾಮ್ರ ಮುನ್ನೂರು ಗ್ರಾಂ.
ದುಡ್ಡು ಎಣಿಸಿ, ಚೌಕಟ್ಟನ್ನು ತಕ್ಕಡಿಯಿಂದ ಎತ್ತಿ
ಬನಶಂಕ್ರಮ್ಮನ ಮಡಿಲಿಗೆ ಹಾಕಿದರು.
‘ಕರಗಿಸೋ ಹೊತ್ತಿಗೆ ಕೊಟ್ಟರಾಯ್ತು.’

ಗಾಡಿ ತಿರುಗಿಸಿದೆ. ಗಾಜಿನ ಚೀಲ
ವಾಪಸು ನನ್ನ ಜೊತೆಗೇ ಕುಲುಕುತ್ತ ಬಂತು.
ಹಿಂದೆ ಆಕೆ ಎಣಿಸುತ್ತಿದ್ದುದು ಕೇಳಿಸುತ್ತಿತ್ತು,
ಹದಿನೇಳು, ಹದಿನೆಂಟು.
ಅಲ್ಲಿಗೆ ಲಾರಿಯೊಂದು ಅಡ್ಡ ಬಂತು.